ಎಲ್ಲರೂ ಕೊಂಡಾಡಿದ ಸಿನಿಮಾ ನಿಮಗೆ ತಟ್ಟದೇ ಹೋದರೆ

ಅಮ್ಮ ಹೋಗಿ ಎರಡು ತಿಂಗಳಾಗಿತ್ತು. ತಮ್ಮ ಫೋನ್ ಮಾಡಿ, "ಅಕ್ಕಾ, 'ಡ್ರೈವ್ ಮೈ ಕಾರ್' ನೋಡು, ಅತ್ತು ಹಗುರ ಆಗ್ತೀಯ" ಅಂದ. ರ್ಯೂಸುಕೆ ಹಮಾಗುಚಿ 2021ರಲ್ಲಿ ಮಾಡಿದ ಜಪಾನಿ ಸಿನಿಮಾ. ಕಾನ್ ಚಿತ್ರೋತ್ಸವದಲ್ಲಿ ಚಿತ್ರಕಥೆಗೆ ಪ್ರಶಸ್ತಿ, ಮರುವರ್ಷ ಆಸ್ಕರ್. ಹೆಂಡತಿಯನ್ನು ಕಳೆದುಕೊಂಡ ರಂಗನಿರ್ದೇಶಕನೊಬ್ಬ ಹಿರೋಷಿಮಾಕ್ಕೆ ಹೋಗಿ ರಷ್ಯಾದ ಲೇಖಕ ಚೆಕಾವ್‌ನ ನಾಟಕ ಆಡಿಸುತ್ತಾನೆ. 179 ನಿಮಿಷ ಕೂತು ನೋಡಿದೆ, ಒಂದು ಹನಿ ಕಣ್ಣೀರು ಬರಲಿಲ್ಲ. ಅಮ್ಮನ ಮೇಲೆ ನನಗೆ ಪ್ರೀತಿಯೇ ಕಡಿಮೆಯಿತ್ತೇನೋ ಅನ್ನಿಸಿ ಆ ರಾತ್ರಿ ನಿದ್ದೆ ಹತ್ತಲಿಲ್ಲ. ನಿಮಗೂ ಹೀಗಾಗಿದ್ದರೆ, ನಾನು ಆಮೇಲೆ ಮಾಡಿದ್ದನ್ನು ಹೇಳುತ್ತೇನೆ.

ನೋಡಿದ ರಾತ್ರಿಯೇ ಯಾರಿಗೂ ಅಭಿಪ್ರಾಯ ಹೇಳಬೇಡಿ. "ತುಂಬಾ ಚೆನ್ನಾಗಿತ್ತು" ಅನ್ನೋ ಸುಳ್ಳೂ ಬೇಡ, "ಬರೀ ಬೋರು" ಅನ್ನೋದೂ ಬೇಡ. ವಿಮರ್ಶೆ ಓದಲು ಹೋದರೆ ನಿಮಗೆ ಅನ್ನಿಸಿದ್ದು ಯಾವುದು, ಅವರು ಹೇಳಿದ್ದು ಯಾವುದು ಅಂತ ಕಲಸಿಹೋಗುತ್ತೆ.

ಬೆಳಿಗ್ಗೆ ಒಂದು ಹಾಳೆ ತಗೊಂಡು, ಮನಸ್ಸು ಎಲ್ಲೆಲ್ಲಿ ಕಳಚಿಕೊಂಡಿತು ಅಂತ ದೃಶ್ಯ ಹಿಡಿದು ಬರೆಯಿರಿ. "ನಿಧಾನ" ಅಂತಷ್ಟೇ ಬರೆದರೆ ಏನೂ ತಿಳಿಯಲ್ಲ. ನನ್ನ ಹಾಳೆಯಲ್ಲಿ ಮೂರು ಸಾಲಿತ್ತು. ಟೈಟಲ್ಸ್ ಬರೋದೇ ಸುಮಾರು 40 ನಿಮಿಷ ಆದ ಮೇಲೆ. ತಾಲೀಮಿನಲ್ಲಿ ನಟರು ಭಾವವಿಲ್ಲದೆ ಸುಮ್ಮನೆ ಮಾತು ಓದುತ್ತಾರೆ. ಕೊನೆಗೆ ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದ ಹಿಮದಲ್ಲಿ, ಕುಸಿದ ಮನೆಯ ಮುಂದೆ, ನಾಯಕನೂ ಕಾರು ಓಡಿಸುವ ಹುಡುಗಿಯೂ ತಮ್ಮ ದುಃಖವನ್ನೆಲ್ಲ ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ.

ಇದರಲ್ಲಿ ಸಿನಿಮಾದ ತಪ್ಪು ಎಷ್ಟು, ನಾವು ನೋಡಿದ ರೀತಿಯದ್ದೆಷ್ಟು ಅಂತ ಬೇರೆ ಮಾಡಿ. ನಾನು ನೋಡಿದ್ದು ರಾತ್ರಿ ಹತ್ತಕ್ಕೆ, ಪಾತ್ರೆ ತೊಳೆದು ಬಂದು, ಫೋನಿನಲ್ಲಿ. ಸಬ್‌ಟೈಟಲ್ ಓದೋದರಲ್ಲೇ ಕಣ್ಣು ಹೋಗಿ ಮುಖಗಳನ್ನೇ ನೋಡಿರಲಿಲ್ಲ.

ಆಮೇಲೆ ಹಗಲು ಹೊತ್ತಿನಲ್ಲಿ, ದೊಡ್ಡ ಪರದೆಯಲ್ಲಿ, ಒಂದೇ ಒಂದು ದೃಶ್ಯ ಮತ್ತೆ ನೋಡಿ. ಎಲ್ಲರೂ ಹೊಗಳುವ ದೃಶ್ಯ ಬೇಡ, ನೀವು ದಾಟಿಸಿಕೊಂಡು ಹೋದದ್ದನ್ನು ಆರಿಸಿ. ನಾನು ಕ್ಯಾಸೆಟ್ಟಿನ ದೃಶ್ಯ ಹಾಕಿದೆ. ನಾಯಕನ ಕೆಂಪು ಸಾಬ್ ಕಾರಿನ ಕ್ಯಾಸೆಟ್ಟಿನಲ್ಲಿ, ತೀರಿಹೋದ ಹೆಂಡತಿಯ ದನಿ ನಾಟಕದ ಮಾತು ಓದುತ್ತೆ, ಅವನ ಸರದಿ ಬಂದಾಗ ಜಾಗ ಬಿಟ್ಟು ಸುಮ್ಮನಾಗುತ್ತೆ, ಆ ಜಾಗದಲ್ಲಿ ಅವನು ತನ್ನ ಮಾತು ಹೇಳುತ್ತಾನೆ. ಸಬ್‌ಟೈಟಲ್ ತೆಗೆದು ಕೇಳಿದೆ. ಅವಳ ದನಿಯಲ್ಲೂ ಭಾವವಿಲ್ಲ.

ಸಿನಿಮಾ ನಿಲ್ಲಿಸಿ ಫೋನ್ ತೆಗೆದೆ. ಅಮ್ಮನ ವಾಯ್ಸ್ ಮೆಸೇಜುಗಳು ಹಾಗೇ ಇವೆ. "ಅಕ್ಕಿ ನೆನೆ ಹಾಕಿದೀನಿ, ಬರ್ತಾ ಅರ್ಧ ಕೆಜಿ ಉದ್ದಿನಬೇಳೆ ತಗೊಂಬಾ. ಕೇಳಿಸ್ತಾ?" ಕೇಳಿಸ್ತಾ ಅಂದ ಮೇಲೆ ಎರಡು ಸೆಕೆಂಡು ಸುಮ್ಮನಿದ್ದಾಳೆ. ಹಿಂದೆ ಫ್ಯಾನಿನ ಸದ್ದು. ಆ ಎರಡು ಸೆಕೆಂಡಿನಲ್ಲಿ ನಾನು "ಹೂಂ ಅಮ್ಮ" ಅಂದೆ.

ಹಾಗಂತ ಎಲ್ಲವೂ ಇಷ್ಟವಾಗಲೇಬೇಕು ಅಂತ ಹಟ ಹಿಡಿಯಬೇಡಿ. ಹಿಮದ ದೃಶ್ಯವನ್ನು ಮೂರು ಸಲ ನೋಡಿದೆ, ಈಗಲೂ ಒಪ್ಪಿಗೆಯಾಗಿಲ್ಲ. ಎರಡೂವರೆ ಗಂಟೆ ಅದುಮಿಟ್ಟವರು ಅಷ್ಟು ಜೋಡಿಸಿಕೊಂಡು ಮಾತಾಡುವುದು ನಾನು ಕಂಡ ದುಃಖವಲ್ಲ. ನಮ್ಮಪ್ಪ ಅಮ್ಮನ ಬಗ್ಗೆ ಒಂದು ಮಾತೂ ಆಡಿಲ್ಲ. ಕಿಟಕಿ ಮೇಲಿರುವ ಅವಳ ಬಿಪಿ ಮಾತ್ರೆಯ ಶೀಟನ್ನು ತೆಗೆಯೋಕೆ ಮಾತ್ರ ಬಿಡಲ್ಲ.

ಕೊನೆಗೆ, ನೋಡು ಅಂದವರಿಗೆ ಹೇಳಲೇಬೇಕು. ದೃಶ್ಯದ ಹೆಸರು ಹಿಡಿದೇ ಹೇಳಿ. ಅವರಿಗೆ ಅಳು ಬಂದದ್ದೆಲ್ಲಿ ಅಂತಲೂ ಕೇಳಿ. ತಮ್ಮನಿಗೆ ಹಿಮದ ಮಾತು ಹೇಳಿದೆ. ಅವನೂ ಅಲ್ಲಿ ಅತ್ತಿರಲಿಲ್ಲವಂತೆ. ಅವನು ಅತ್ತಿದ್ದು ನಾಟಕದ ಕೊನೆಗೆ, ಮಾತು ಬಾರದ ನಟಿ ನಾಯಕನನ್ನು ಹಿಂದಿನಿಂದ ತಬ್ಬಿಕೊಂಡು ಕೈಸನ್ನೆಯಲ್ಲೇ ಸಮಾಧಾನ ಹೇಳುವಾಗ. ಕ್ಯಾಸೆಟ್ಟಿನ ವಿಷಯಕ್ಕೆ ಬಂದೆ, ಅಮ್ಮನ ಮೆಸೇಜಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಅವನೇನೂ ಮಾತಾಡಲಿಲ್ಲ.

"ಅಕ್ಕಾ, ಆ ಉದ್ದಿನಬೇಳೇದು ನಂಗೂ ಕಳಿಸು" ಅಂದ.