ಕಣ್ಣು ಬಿಡದ ಮರಿಗಳ ಹೊಟ್ಟೆ ನೋಡಿಕೊಳ್ಳುವುದು ಹೇಗೆ?

ಚಳಿ ಶುರುವಾಗುವ ಹೊತ್ತಿಗೆ ಬೀದಿ ನಾಯಿ ಬಂದು ಶೆಡ್ಡಿನ ಮೂಲೆಯಲ್ಲಿ ಮರಿ ಹಾಕುತ್ತದೆ. ಬೆಕ್ಕಾದರೆ ಅಟ್ಟವೋ, ಹಳೇ ಪೇಪರಿನ ಡಬ್ಬವೋ. ಬೆಳಿಗ್ಗೆ ಕಂಡ ಮನೆಯವರು ಮರಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗುತ್ತಾರೆ, ಇನ್ನೊಬ್ಬರು ಹಸುವಿನ ಹಾಲು ತರುತ್ತಾರೆ. ಎರಡೂ ಬೇಡ.

ಹುಟ್ಟುವಾಗ ಮರಿಯ ಕರುಳಿನಲ್ಲಿ ಬ್ಯಾಕ್ಟೀರಿಯಾ ಇಲ್ಲವೆನ್ನುವಷ್ಟು ಕಡಿಮೆ. ಹೆರಿಗೆಯ ದಾರಿ, ತಾಯಿಯ ನಾಲಿಗೆ, ಮೊಲೆಯ ಚರ್ಮ, ಮಲಗಿದ ಗೋಣಿಚೀಲ ಇವುಗಳಿಂದ ಒಂದೊಂದಾಗಿ ಬಂದು ಸೇರುತ್ತವೆ. ಮೊದಲು ಇ. ಕೊಲೈ, ಸ್ಟ್ರೆಪ್ಟೊಕಾಕಸ್ ಜಾತಿಯವು. ಅಲ್ಲಿದ್ದ ಆಮ್ಲಜನಕವನ್ನು ಅವು ಮುಗಿಸಿದ ಮೇಲೆ, ಗಾಳಿ ಆಗದ ಬ್ಯಾಕ್ಟೀರಾಯ್ಡಿಸ್, ಬಿಫಿಡೊಬ್ಯಾಕ್ಟೀರಿಯಂಗಳು ನೆಲೆಯೂರುತ್ತವೆ. ಮುಂದೆ ರೋಗಾಣುಗಳಿಗೆ ಜಾಗ ಸಿಗದಂತೆ ತಡೆಯುವವು ಇವೇ. ತಾಯಿ ನೆಕ್ಕುವುದು ನಮಗೆ ಕೊಳಕಾಗಿ ಕಂಡರೂ ಮರಿಗೆ ಅದೇ ಬಿತ್ತನೆ.

ಮೊದಲ ದಿನ: ಗಿಣ್ಣು

ಗಿಣ್ಣು ಎಂದರೆ ನಮಗೆ ಬೆಲ್ಲ, ಏಲಕ್ಕಿ ನೆನಪಾಗುತ್ತದೆ. ಮರಿಗೆ ಅದು ಜೀವದ ಪ್ರಶ್ನೆ. ನಾಯಿ, ಬೆಕ್ಕುಗಳಲ್ಲಿ ಗರ್ಭದೊಳಗೆ ತಾಯಿಯಿಂದ ಮರಿಗೆ ದಾಟುವ ಪ್ರತಿಕಾಯಗಳು (ರೋಗಾಣುಗಳನ್ನು ಎದುರಿಸುವ ಪ್ರೋಟೀನುಗಳು) ತೀರಾ ಕಡಿಮೆ. ಹೆಚ್ಚಿನವು ಗಿಣ್ಣಿನಲ್ಲೇ ಬರಬೇಕು. ಅವನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವ ಕರುಳಿನ ಬಾಗಿಲು ಗಂಟೆಗಂಟೆಗೂ ಮುಚ್ಚುತ್ತಾ ಹೋಗಿ, ಬೆಕ್ಕಿನ ಮರಿಯಲ್ಲಿ ಸುಮಾರು 16 ಗಂಟೆಗೆ, ನಾಯಿಮರಿಯಲ್ಲಿ ಒಂದು ದಿನದೊಳಗೆ ಮುಚ್ಚಿಬಿಡುತ್ತದೆ. ಆದ್ದರಿಂದ ಪ್ರತಿ ಮರಿಯೂ ಮೊಲೆ ಹಿಡಿದಿದೆಯೇ ನೋಡಿ. ಬಡಕಲು ಮರಿಯನ್ನು ದಾಂಡಿಗರು ತಳ್ಳಿಬಿಡುತ್ತವೆ. ಅದನ್ನು ಎತ್ತಿ ಮೊಲೆಯ ಬಾಯಿಗೆ ಇಡುವುದಷ್ಟೇ ನಿಮ್ಮ ಕೆಲಸ.

ಮೊದಲು ಶಾಖ, ಆಮೇಲೆ ಹಾಲು

ಜನ ತಪ್ಪುವುದು ಹೆಚ್ಚಾಗಿ ಇಲ್ಲೇ. ಮೊದಲ ವಾರ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಆಗ ಅದರ ಮೈಶಾಖ ಸುಮಾರು 35ರಿಂದ 37 ಡಿಗ್ರಿ ಸೆಲ್ಸಿಯಸ್. ಗೂಡು 29ರಿಂದ 32 ಡಿಗ್ರಿ ಇರಬೇಕು. ಮೈ ತಣ್ಣಗಾದರೆ ಕರುಳಿನ ಚಲನೆ ನಿಲ್ಲುತ್ತದೆ. ಆಗ ಕುಡಿಸಿದ ಹಾಲು ಅರಗದೆ ಹುಳಿತು ಹೊಟ್ಟೆ ಉಬ್ಬುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಹೋಗುತ್ತದೆ. ಬಿಸಿನೀರಿನ ಬಾಟಲಿಗೆ ಹಳೇ ಪಂಚೆ ಸುತ್ತಿ ಗೂಡಿನ ಒಂದು ಬದಿಗಿಡಿ. ಸೆಕೆಯಾದರೆ ಮರಿ ತೆವಳಿ ದೂರ ಹೋಗಲು ಇನ್ನೊಂದು ಬದಿ ಇರಲಿ. ಮರಿ ನಿಧಾನವಾಗಿ ಬೆಚ್ಚಗಾದ ಮೇಲಷ್ಟೇ ಹಾಲು.

ಅಡುಗೆಮನೆಯ ತಕ್ಕಡಿ

ದಿನಾ ಒಂದೇ ಹೊತ್ತಿಗೆ ತೂಗಿ, ಕ್ಯಾಲೆಂಡರಿನ ಮೇಲೆ ಬರೆದಿಡಿ. ಬೆಕ್ಕಿನ ಮರಿ ಹುಟ್ಟುವಾಗ ಸುಮಾರು 100 ಗ್ರಾಂ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ನಾಯಿಮರಿಯ ತೂಕ ತಳಿಯ ಮೇಲೆ ಹೋಗುತ್ತದೆ, ಆದರೂ ಎರಡು ವಾರದೊಳಗೆ ಇಮ್ಮಡಿಯಾಗುವುದು ವಾಡಿಕೆ. ಒಂದು ದಿನ ತೂಕ ಏರದಿದ್ದರೂ ಪಶುವೈದ್ಯರಿಗೆ ತೋರಿಸಿ. ಮರಿ ಅಳುವ ತನಕ ಕಾಯಬೇಡಿ.

ತಾಯಿ ಇಲ್ಲದಿದ್ದರೆ

ನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಎರಡೂ ಹಸುವಿನ ಹಾಲಿನ ಸುಮಾರು ಎರಡು ಪಟ್ಟು, ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಮಾತ್ರ ಕಡಿಮೆ. ಹಸುವಿನ ಹಾಲು ಕುಡಿಸಿದರೆ ಭೇದಿಯಾಗುವುದು ಅದಕ್ಕೇ. ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ತನ್ನಿ. ಮೊದಲ ವಾರ ರಾತ್ರಿಯೂ ಸೇರಿ ಎರಡು-ಮೂರು ಗಂಟೆಗೊಮ್ಮೆ ಕುಡಿಸಬೇಕು (ನಿದ್ದೆಯ ಆಸೆ ಬಿಡಿ). ಅಂಗಾತ ಮಲಗಿಸಿ ಕುಡಿಸಬೇಡಿ, ಹೊಟ್ಟೆ ಕೆಳಗಾಗಿರಲಿ. ಕುಡಿಸಿದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಹಿಂಭಾಗ ಸವರಿ. ಸುಮಾರು ಮೂರು ವಾರದವರೆಗೆ ಅವಕ್ಕೆ ತಾವಾಗಿ ಉಚ್ಚೆ, ಕಕ್ಕ ಮಾಡಲು ಬಾರದು.

ಗೂಡಿಗೆ ಫಿನೈಲ್ ಹಾಕಬೇಡಿ, ಅದು ಬೆಕ್ಕುಗಳಿಗೆ ವಿಷ. ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಮಾತ್ರೆಯ ಚೂರನ್ನು ಕೊಡುವುದೂ ಬೇಡ. ಆಗಷ್ಟೇ ಊರಿದ ಒಳ್ಳೆಯ ಬ್ಯಾಕ್ಟೀರಿಯಾ ಮೊದಲು ಸಾಯುತ್ತವೆ.

ಜಂತು, ಆಮೇಲೆ ಊಟ

ದುಂಡುಹುಳು ನಾಯಿಮರಿಗೆ ಗರ್ಭದಲ್ಲೇ, ಬೆಕ್ಕಿನ ಮರಿಗೆ ಹಾಲಿನಲ್ಲಿ ಬರುತ್ತದೆ. ನಾಯಿಮರಿಗೆ ಎರಡನೇ ವಾರ, ಬೆಕ್ಕಿನ ಮರಿಗೆ ಮೂರನೇ ವಾರ ಜಂತಿನ ಔಷಧ ಶುರು. ಪ್ರಮಾಣ ತೂಕದ ಮೇಲೆ ವೈದ್ಯರೇ ಹೇಳಬೇಕು. ಇದೇ ಹುಳು ಮನುಷ್ಯರಿಗೂ ಅಂಟುತ್ತದೆ, ಮಕ್ಕಳ ಕೈ ತೊಳೆಸಿ.

ಮೂರು-ನಾಲ್ಕನೇ ವಾರ ಗಟ್ಟಿ ಆಹಾರ ಮುಟ್ಟಿದಾಗ ಕರುಳಿನ ಬ್ಯಾಕ್ಟೀರಿಯಾ ಮತ್ತೆ ಬದಲಾಗುತ್ತವೆ. ಮರಿಗಳ ಆಹಾರವನ್ನು ನೀರಲ್ಲಿ ಮೆತ್ತಗೆ ಮಾಡಿ ಚಮಚೆಯಷ್ಟು ಇಡಿ, ಮಾರನೇ ದಿನ ಕಕ್ಕ ಗಟ್ಟಿ ಇದ್ದರೆ ಮಾತ್ರ ಎರಡು ಚಮಚೆ.