ಮಳೆಯ ನಾಡಿನಲ್ಲಿ ಪುಟಾಣಿ ರೈಲು: ಪಾಯಿಂಟ್ ಮೋಟಾರ್ ಯಾವುದು, ಜೋಡಣೆ ಹೇಗೆ?

ಕೊಡಗಿಗೆ ರೈಲು ಇನ್ನೂ ಬಂದಿಲ್ಲ. ಮನೆಯೊಳಗೆ ಹಳಿ ಹಾಸಿಕೊಳ್ಳಲು ಮಾತ್ರ ಯಾರ ಮಂಜೂರಾತಿಯೂ ಬೇಕಿಲ್ಲ. ಮಾದರಿ ರೈಲು ಓಡಿಸುವವರು ಪಾಯಿಂಟನ್ನು, ಅಂದರೆ ರೈಲು ಹಳಿ ಬದಲಿಸುವ ಕವಲನ್ನು, ಮೊದಮೊದಲು ಬೆರಳಿನಿಂದಲೇ ತಳ್ಳುತ್ತಾರೆ. ಹಳಿ ಹಾಸಿದ ಹಲಗೆ ಬೆಳೆದು ಕೈಗೆ ಎಟುಕದಾದಾಗ ಮೋಟಾರ್ ಬೇಕಾಗುತ್ತದೆ.

ಮುಖ್ಯವಾಗಿ ಸಿಗುವುದು ಮೂರು ಬಗೆ. ಪೀಕೊ ಕಂಪನಿಯ ಪಿಎಲ್-10ರಂಥ ಸೊಲೆನಾಯ್ಡ್ ಮೋಟಾರಿನಲ್ಲಿ ಎರಡು ಸುರುಳಿಗಳಿವೆ. ಕ್ಷಣಕಾಲ ಕರೆಂಟ್ ಹರಿದರೆ ಟಕ್ಕೆಂದು ಪಾಯಿಂಟ್ ಹೊರಳುತ್ತದೆ. ಟಾರ್ಟಾಯ್ಸ್‌ನಂಥ ನಿಧಾನಗತಿಯ ಮೋಟಾರ್ ಹಳಿಯನ್ನು ಮೆಲ್ಲನೆ ಸರಿಸಿ ಅಲ್ಲೇ ಒತ್ತಿ ಹಿಡಿಯುತ್ತದೆ. ಮೂರನೆಯದು ಸರ್ವೊ, ಅಂದರೆ ಹೇಳಿದಷ್ಟೇ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರ್. ಅಗ್ಗವೇನೋ ಹೌದು, ಆದರೆ ನಿಯಂತ್ರಣಕ್ಕೆ ಬೇರೆ ಸರ್ಕ್ಯೂಟ್ ಬೇಕು. ಅಲ್ಲದೆ ಕರೆಂಟ್ ಹೋಗಿ ಬಂದಾಗ ಅದು ಬೆಚ್ಚಿಬಿದ್ದಂತೆ ಒಮ್ಮೆ ಅದುರುವುದುಂಟು. ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟಿನ ಆಟ ಬಲ್ಲ ನಮಗೆ ಅದರ ಸಹವಾಸ ಬೇಡ. ಕಣ್ಣೆದುರಿನ ನಿಲ್ದಾಣಕ್ಕೆ ನಿಧಾನಗತಿಯದು, ಮರೆಯಲ್ಲಿರುವ ಯಾರ್ಡಿಗೆ ಸೊಲೆನಾಯ್ಡ್ ಎಂಬುದು ನನ್ನ ಸಲಹೆ. ಮೋಟಾರ್ ಕೂರುವುದು ಹಲಗೆಯ ಅಡಿಯಲ್ಲಿ, ಹಾಗಾಗಿ ಕೊಳ್ಳುವ ಮುನ್ನ ಅಲ್ಲಿಯ ಜಾಗ ಅಳೆಯಿರಿ. ಟಾರ್ಟಾಯ್ಸ್‌ಗೆ ಮೂರು ಇಂಚಿಗೂ ಹೆಚ್ಚು ಆಳ ಬೇಕು.

ಮೊದಲ ಕೆಲಸ ಹಲಗೆಯದು. ಪ್ಲೈವುಡ್ಡಿನ ಎರಡೂ ಮುಖಕ್ಕೆ, ಮರೆಯದೆ ಅಂಚುಗಳಿಗೂ, ಬಣ್ಣ ಬಳಿಯಿರಿ. ತೇವಕ್ಕೆ ಉಬ್ಬಿದ ಹಲಗೆ, ಮೋಟಾರಿನಿಂದ ಪಾಯಿಂಟಿಗೆ ಹಾಯುವ ಸರಳನ್ನು ಕಚ್ಚಿ ಹಿಡಿದರೆ ಎಂಥ ಮೋಟಾರೂ ಸೋಲುತ್ತದೆ. ಸರಳು ಹಾಯುವ ತೂತನ್ನು ಧಾರಾಳವಾಗಿಯೇ ಕೊರೆಯಿರಿ.

ಸೊಲೆನಾಯ್ಡ್‌ನ ಶತ್ರು ಒತ್ತಿಯೇ ಹಿಡಿದ ಗುಂಡಿ. ಕೆಲವು ಆಂಪಿಯರ್ ಎಳೆಯುವ ಸುರುಳಿ ಸೆಕೆಂಡುಗಳಲ್ಲೇ ಸುಡಬಹುದು. ಅದಕ್ಕಾಗಿ ಕೆಪಾಸಿಟರ್ ಡಿಸ್ಚಾರ್ಜ್ ಯೂನಿಟ್, ಅಂದರೆ ಸಿಡಿಯು, ಹಾಕಲೇಬೇಕು. ಅದು ಕೂಡಿಟ್ಟ ಕರೆಂಟನ್ನು ಒಂದೇ ಹೊಡೆತಕ್ಕೆ ಬಿಡುತ್ತದೆ, ಆಮೇಲೆ ಗುಂಡಿ ಒತ್ತಿಯೇ ಇದ್ದರೂ ಸುರುಳಿ ಬದುಕುತ್ತದೆ. ಟ್ರಾನ್ಸ್‌ಫಾರ್ಮರ್ ಕೊಡುವ 16 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ 22 ವೋಲ್ಟ್ ದಾಟುವುದರಿಂದ, ಸಿಡಿಯುವನ್ನು ನೀವೇ ಕಟ್ಟುವುದಾದರೆ 35 ವೋಲ್ಟಿನ ಕೆಪಾಸಿಟರ್ ತನ್ನಿ. ಟ್ರಾನ್ಸ್‌ಫಾರ್ಮರ್ ತಂತಿಗಳು ಸಿಡಿಯುವಿನ ಒಳಬದಿಗೆ. ಹೊರಬದಿಯ ಒಂದು ತಂತಿ ಎರಡು ಸುರುಳಿಗಳ ಒಂದೊಂದು ತುದಿಯನ್ನು ಕೂಡಿಸಿದ ಕಡೆಗೆ, ಇನ್ನೊಂದು ಎರಡು ಒತ್ತುಗುಂಡಿಗಳಿಗೆ. ಪ್ರತಿ ಗುಂಡಿಯಿಂದ ಒಂದೊಂದು ಸುರುಳಿಯ ಉಳಿದ ತುದಿಗೆ ತಂತಿ ಎಳೆದರೆ ಮುಗಿಯಿತು. ತಂತಿ ದಪ್ಪವಿರಲಿ; ಸಣ್ಣ ತಂತಿಯಲ್ಲಿ ಹೊಡೆತದ ಬಲವೇ ಸೋರಿಹೋಗುತ್ತದೆ.

ನಿಧಾನಗತಿಯ ಮೋಟಾರಿಗೆ ಇಷ್ಟು ರಗಳೆಯಿಲ್ಲ. 12 ವೋಲ್ಟ್ ಡಿಸಿ ಸಾಕು, ನಿಂತಾಗಲೂ ಎಳೆಯುವುದು 16 ಮಿಲಿಆಂಪಿಯರ್ ಆಸುಪಾಸು. ಎರಡು ತಂತಿಗಳನ್ನು ಒಟ್ಟಿಗೇ ಆಚೀಚೆ ಬದಲಿಸುವ ಆರು ಕಾಲಿನ ಡಿಪಿಡಿಟಿ ಸ್ವಿಚ್ಚಿನ ಮಧ್ಯದ ಎರಡು ಕಾಲುಗಳನ್ನು ಟಾರ್ಟಾಯ್ಸ್ ಮೋಟಾರಿನ 1 ಮತ್ತು 8ನೇ ತುದಿಗಳಿಗೆ ಜೋಡಿಸಿ. ಒಂದು ಕೊನೆಯ ಜೋಡಿಗೆ ಕರೆಂಟ್ ಕೊಟ್ಟು, ಅಲ್ಲಿಂದ ಇನ್ನೊಂದು ಕೊನೆಯ ಜೋಡಿಗೆ ಅಡ್ಡಡ್ಡ ತಂತಿ ಹಾಯಿಸಿ. ಪೀಕೊ ಪಾಯಿಂಟಾದರೆ ಅದರೊಳಗಿನ ಪುಟ್ಟ ಸ್ಪ್ರಿಂಗ್ ತೆಗೆಯಬೇಕು, ಇಲ್ಲವಾದರೆ ಮೋಟಾರ್ ಅದರೊಡನೆ ಗುದ್ದಾಡುತ್ತಿರುತ್ತದೆ. ತಂತಿಗಳನ್ನು ತಿರುಚಿ ಟೇಪ್ ಸುತ್ತಿ ಬಿಡಬೇಡಿ. ನಮ್ಮ ತೇವಕ್ಕೆ ತಾಮ್ರ ಹಸಿರುಗಟ್ಟುತ್ತದೆ, ಬೆಸುಗೆಯೇ ಸರಿ.

ಉಳಿದದ್ದು ಫ್ರಾಗ್, ಅಂದರೆ ಒಳ ಹಳಿಗಳೆರಡು ಕೂಡುವ ಮೂಗು. ಅದು ಲೋಹದ್ದಾಗಿದ್ದರೆ ಪಾಯಿಂಟ್ ಹೊರಳಿದಾಗ ಅದರ ಧ್ರುವವೂ (ಪ್ಲಸ್-ಮೈನಸ್) ಬದಲಾಗಬೇಕು. ಟಾರ್ಟಾಯ್ಸ್‌ನೊಳಗೇ ಇದಕ್ಕೆ ಸ್ವಿಚ್ ಇದೆ: 4ನೇ ತುದಿ ಫ್ರಾಗಿಗೆ, 2 ಮತ್ತು 3 ಎರಡು ಹೊರ ಹಳಿಗಳಿಗೆ. ಅತಿ ಚಿಕ್ಕ ಎಂಜಿನ್ನನ್ನು ಎರಡೂ ಕವಲಿನಲ್ಲಿ ಆಮೆ ವೇಗದಲ್ಲಿ ಓಡಿಸಿ ನೋಡಿ. ಫ್ರಾಗ್ ಮುಟ್ಟಿದೊಡನೆ ಶಾರ್ಟ್ ಆದರೆ 2 ಮತ್ತು 3ರ ತಂತಿಗಳನ್ನು ಅದಲುಬದಲು ಮಾಡಿ.