ಹಸುಗೂಸಿಗೆ ಚಳಿಗಾಲದ ಹಾಸಿಗೆ: ಹೊದಿಸುವುದಕ್ಕಿಂತ ತೊಡಿಸುವುದು ಮೇಲು

ಮಗಳು ಹುಟ್ಟುವುದಕ್ಕೆ ಎರಡು ತಿಂಗಳು ಮೊದಲೇ ನನ್ನ ಅತ್ತೆ ಒಂದು ಪುಟ್ಟ ರಜಾಯಿ ಹೊಲಿದಿಟ್ಟಿದ್ದರು. ಹಳದಿ ಬಟ್ಟೆ, ಒಳಗೆ ಹೊಸ ಹತ್ತಿ, ಅಂಚಿಗೆ ಎರಡು ಸಾಲು ಕೈಹೊಲಿಗೆ. ಚಳಿ ಜೋರಾಗಿದ್ದ ತಿಂಗಳಲ್ಲೇ ಮಗು ಹುಟ್ಟಿತು, ತೂಕ 2.9 ಕಿಲೋ. ಮನೆಗೆ ಕರೆತಂದ ರಾತ್ರಿ ಕುತೂಹಲಕ್ಕೆಂದು ಆ ರಜಾಯಿಯನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ. 1 ಕಿಲೋ 100 ಗ್ರಾಂ ತೂಗಿತು. ಕಟ್ಟಡ ಕಟ್ಟಿಸುವುದು ನನ್ನ ಕಸುಬು, ಕಂಡದ್ದಕ್ಕೆಲ್ಲ ಲೆಕ್ಕ ಹಾಕುವುದು ಚಟ. 70 ಕಿಲೋ ತೂಗುವ ನನಗೆ ಅದೇ ಪ್ರಮಾಣದಲ್ಲಿ ಹೊದಿಸಿದರೆ 26 ಕಿಲೋ ದಾಟುತ್ತದೆ. ಅಂದರೆ ಎದೆಯ ಮೇಲೆ ಅರ್ಧ ಚೀಲ ಸಿಮೆಂಟು. ನಾನಾದರೆ ತಳ್ಳಿ ಎದ್ದೇನು. ಮುಖದ ಮೇಲೆ ಬಿದ್ದ ಬಟ್ಟೆಯನ್ನು ಸರಿಸುವ ಶಕ್ತಿಯೂ ಹಸುಗೂಸಿಗೆ ಇರುವುದಿಲ್ಲ.

ರಜಾಯಿ ಆ ರಾತ್ರಿಯೇ ಕಪಾಟು ಸೇರಿತು. ಆದರೆ ನನಗೆ ಬುದ್ಧಿ ಬಂದಿತ್ತು ಎಂದುಕೊಳ್ಳಬೇಡಿ. ಅದರ ಬದಲು ಎರಡು ಸ್ವೆಟರ್, ಒಂದು ಉಣ್ಣೆಯ ಟೋಪಿ, ಮೇಲೊಂದು ಉಣ್ಣೆಯಂತೆ ಕಾಣುವ ಪಾಲಿಯೆಸ್ಟರ್ ಶಾಲು, ಮೂಲೆಯಲ್ಲಿ ಹೀಟರ್. ಮೂರನೆಯ ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ ಮಗುವಿನ ಕೆನ್ನೆ ಕೆಂಪಾಗಿತ್ತು, ಕತ್ತಿನ ಹಿಂದಿನ ಕೂದಲು ಒದ್ದೆಯಾಗಿ ಚರ್ಮಕ್ಕೆ ಅಂಟಿಕೊಂಡಿತ್ತು. ಚಳಿಗೆ ಹೆದರಿ ನಾನು ಮಗುವನ್ನು ಬೇಯಿಸುತ್ತಿದ್ದೆ. ನಿದ್ದೆಯಲ್ಲಿ ಶಿಶುಗಳು ಇದ್ದಕ್ಕಿದ್ದಂತೆ ಸಾಯುವ ಪ್ರಕರಣಗಳಲ್ಲಿ ಅತಿಯಾದ ಸೆಕೆಯೂ ಒಂದು ಅಪಾಯಕಾರಿ ಅಂಶ ಎಂದು ವೈದ್ಯರು ಹೇಳಿದ್ದು ಆಮೇಲೆ.

ಹಾಗಾದರೆ ಮಗುವಿಗೆ ಚಳಿಯಾಗುವುದಿಲ್ಲವೇ? ಆಗುತ್ತದೆ, ನಮಗಿಂತ ಬೇಗ ಆಗುತ್ತದೆ. ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು. ಚಿಕ್ಕ ಪಾತ್ರೆಯ ನೀರು ದೊಡ್ಡ ಹಂಡೆಯ ನೀರಿಗಿಂತ ಬೇಗ ಆರುತ್ತದಲ್ಲ, ಹಾಗೆ. ನಮ್ಮಂತೆ ನಡುಗಿ ಶಾಖ ಹುಟ್ಟಿಸಿಕೊಳ್ಳಲೂ ಅದಕ್ಕೆ ಸರಿಯಾಗಿ ಬಾರದು. ಹೆಗಲ ಮೂಳೆಗಳ ನಡುವೆ, ಕತ್ತಿನ ಸುತ್ತ ಇರುವ ಕಂದು ಕೊಬ್ಬನ್ನು ಉರಿಸಿ ಬೆಚ್ಚಗಿರಬೇಕು. ಹೆಚ್ಚಾದ ಶಾಖವನ್ನು ಹೊರಹಾಕಲು ಅದಕ್ಕಿರುವ ದೊಡ್ಡ ಕಿಟಕಿ ತಲೆ. ಅದಕ್ಕೇ ಮನೆಯೊಳಗೆ ಮಲಗಿಸುವಾಗ ಟೋಪಿ ತೆಗೆಯಿರಿ ಎನ್ನುವುದು. ಟೋಪಿ ಜಾರಿ ಮೂಗಿನ ಮೇಲೆ ಬರುವ ಭಯ ಬೇರೆ. ಹೊರಗೆ ಕರೆದೊಯ್ಯುವಾಗ ಧಾರಾಳವಾಗಿ ಹಾಕಿ.

ಈಗ ಹಾಸಿಗೆ. ಇದರಲ್ಲಿ ಆರಿಸುವುದಕ್ಕೆ ಹೆಚ್ಚೇನೂ ಇಲ್ಲ. ಗಟ್ಟಿಯಾಗಿರಬೇಕು, ಸಮತಟ್ಟಾಗಿರಬೇಕು. ಅಂಗೈಯಿಂದ ಒತ್ತಿ ತೆಗೆಯಿರಿ. ಗುಂಡಿ ಹಾಗೇ ಉಳಿದರೆ ಆ ಹಾಸಿಗೆ ಬೇಡ. ತೊಟ್ಟಿಲಿಗೂ ಹಾಸಿಗೆಗೂ ನಡುವೆ ಎರಡು ಬೆರಳು ತೂರುವಷ್ಟು ಸಂದಿಯಿದ್ದರೆ ಅದು ಅಳತೆಯ ಹಾಸಿಗೆಯಲ್ಲ. ಹಾಸಿಗೆಯ ಮೇಲೆ ನಾಲ್ಕು ಮೂಲೆಗೂ ಬಿಗಿಯಾಗಿ ಕೂರುವ ಒಂದು ಹತ್ತಿಯ ಹಾಸುಬಟ್ಟೆ ಸಾಕು. ಬೆಚ್ಚಗಿರಲಿ ಎಂದು ಕೆಳಗೆ ಮೆತ್ತನೆಯ ಕಂಬಳಿ ಮಡಿಸಿ ಹಾಸುವುದು, ತಲೆದಿಂಬು, ಸುತ್ತ ಕಟ್ಟುವ ಮೆತ್ತೆ, ಹತ್ತಿ ತುಂಬಿದ ಆನೆ, ಮೊಲ ಯಾವುದೂ ಬೇಡ. ನನ್ನ ಸ್ನೇಹಿತರು ಇವನ್ನೆಲ್ಲ ಉಡುಗೊರೆಯಾಗಿ ತಂದಿದ್ದರು. ಚಿತ್ರದಲ್ಲಿ ಬಹಳ ಚೆಂದ ಕಾಣುತ್ತವೆ, ಅಷ್ಟೇ. ಮಗು ಅಂಗಾತ ಮಲಗಬೇಕು, ಹಗಲು ರಾತ್ರಿ ಎರಡೂ ಹೊತ್ತು. ಅದರ ತೊಟ್ಟಿಲು ನಿಮ್ಮ ಕೋಣೆಯಲ್ಲೇ ಇದ್ದರೆ ಒಳ್ಳೆಯದು, ಕನಿಷ್ಠ ಮೊದಲ ಆರು ತಿಂಗಳು. ತೊಟ್ಟಿಲನ್ನು ಕಿಟಕಿಯ ಗಾಳಿಗೂ ಒಡ್ಡಬೇಡಿ, ಹೀಟರಿನ ಪಕ್ಕಕ್ಕೂ ತಳ್ಳಬೇಡಿ.

ಬೆಚ್ಚಗಿಡುವ ಕೆಲಸವನ್ನು ಬಟ್ಟೆಗೆ ಒಪ್ಪಿಸಿ. ಗೋಡೆಗೆ ಶಾಖನಿರೋಧಕ ಹಾಕಿಸುವಾಗ ನಾವು ಮುಖ್ಯವಾಗಿ ಹಿಡಿದಿಡುವುದು ಅಲುಗಾಡದ ಗಾಳಿಯನ್ನು. ಬಟ್ಟೆಯದೂ ಅದೇ ಕಥೆ. ದಪ್ಪನೆಯ ಒಂದೇ ಉಡುಪಿಗಿಂತ ತೆಳುವಾದ ಎರಡು ಪದರ ಮೇಲು, ಏಕೆಂದರೆ ನಡುವೆ ಗಾಳಿ ನಿಲ್ಲುತ್ತದೆ. ಸೆಕೆಯಾದರೆ ಒಂದನ್ನು ತೆಗೆಯಬಹುದು. ಒಳಗೆ ಮೈಗೆ ತಾಗುವಂತೆ ಹತ್ತಿಯ ಬನಿಯನ್, ಮೇಲೆ ಪಾದದವರೆಗೆ ಮುಚ್ಚುವ ತುಂಬುತೋಳಿನ ಉಡುಪು. ಆ ಕೋಣೆಯಲ್ಲಿ ನೀವು ಎಷ್ಟು ಪದರ ತೊಟ್ಟು ಹಾಯಾಗಿದ್ದೀರೋ ಅದಕ್ಕಿಂತ ಒಂದು ಹೆಚ್ಚು, ಇದು ಅಂದಾಜಿನ ಲೆಕ್ಕ. ಎರಡಾಗಿ ಮಡಿಸಿದ ಹೊದಿಕೆ ಎರಡು ಹೊದಿಕೆಗೆ ಸಮ ಎಂಬುದನ್ನು ಮರೆಯಬೇಡಿ.

ನೂಲಿನ ವಿಚಾರದಲ್ಲಿ ನನಗೊಂದು ಪಕ್ಷಪಾತವಿದೆ. ಒಳ್ಳೆಯ ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾ ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನ್ನಿಸುವುದಿಲ್ಲ. ಆದರೆ ಒರಟು ಉಣ್ಣೆ ಎಳೆ ಚರ್ಮವನ್ನು ಕೆರೆಯುತ್ತದೆ, ಆದ್ದರಿಂದ ಒಳಪದರ ಹತ್ತಿಯದೇ ಇರಲಿ. ಮೃದುವಾಗಿ, ಅಗ್ಗವಾಗಿ ಸಿಗುವ, ಉಣ್ಣೆಯಂತೆ ಕಾಣುವ ಪಾಲಿಯೆಸ್ಟರ್ ಬೆವರನ್ನು ಹೀರುವುದಿಲ್ಲ. ನನ್ನ ಮಗಳ ಕತ್ತು ಒದ್ದೆಯಾಗಿದ್ದರಲ್ಲಿ ಅದರ ಪಾಲೂ ಇತ್ತು ಎಂದೇ ನನ್ನ ಗುಮಾನಿ.

ಹೊದಿಕೆಯ ಬದಲು ಈಗ ಎಲ್ಲೆಡೆ ಸಿಗುವುದು ಮಲಗುವ ಚೀಲ. ತೋಳಿಲ್ಲದ ಅಂಗಿಯ ಕೆಳಗೆ ಚೀಲ ಹೊಲಿದಂತೆ ಇರುತ್ತದೆ. ಮಗು ಎಷ್ಟು ಒದ್ದರೂ ಮುಖದ ಮೇಲೆ ಬರುವುದಿಲ್ಲ, ಕಾಲು ಹೊರಗೆ ಬೀಳುವುದಿಲ್ಲ. ಇದನ್ನು ಕೊಳ್ಳುವಾಗ ವಯಸ್ಸು ನೋಡಬೇಡಿ, ತೂಕ ನೋಡಿ. ಅನೇಕ ಚೀಲಗಳು 4 ಕಿಲೋ ದಾಟಿದ ಮಕ್ಕಳಿಗಾಗಿ ಇರುತ್ತವೆ. ಕುತ್ತಿಗೆ ಅಗಲವಾದರೆ ಸಣ್ಣ ಮಗು ಒಳಕ್ಕೆ ಜಾರಿಬಿಡುತ್ತದೆ. ಗುಂಡಿ, ಜಿಪ್ ಎಲ್ಲ ಹಾಕಿ ಹೆಗಲ ಬಳಿ ಮೆಲ್ಲಗೆ ಮೇಲಕ್ಕೆ ಎಳೆದು ನೋಡಿ. ಬಟ್ಟೆ ಗಲ್ಲ ದಾಟಿ ಬಾಯಿಗೆ ಬಂದರೆ ಅದು ನಿಮ್ಮ ಮಗುವಿನದಲ್ಲ. ತಲೆಗೆ ಮುಸುಕು ಇರಬಾರದು. ತೂಕಕ್ಕೆಂದು ಮಣಿ ತುಂಬಿದ ಚೀಲ, ಹೊದಿಕೆಗಳನ್ನು ಯಾರು ಎಷ್ಟೇ ಹೊಗಳಿದರೂ ಬೇಡ.

ಚೀಲದ ಲೇಬಲ್ಲಿನ ಮೇಲೆ ಟಾಗ್ ಎಂದು ಒಂದು ಅಂಕಿ ಇರುತ್ತದೆ. ಬಟ್ಟೆ ಎಷ್ಟು ಶಾಖವನ್ನು ಹಿಡಿದಿಡುತ್ತದೆ ಎಂಬ ಅಳತೆ ಅದು. 1940ರ ದಶಕದಲ್ಲಿ ಮ್ಯಾಂಚೆಸ್ಟರಿನ ಶರ್ಲಿ ಸಂಸ್ಥೆಯವರು ರೂಪಿಸಿದ್ದು. 0.5 ಬೇಸಗೆಗೆ, 1 ಹದವಾದ ಹವೆಗೆ, 2.5 ಚಳಿಗೆ. ಕೋಣೆ 16ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಮಾನ್ಯವಾಗಿ 2.5 ಹೇಳುತ್ತಾರೆ. ಅದರ ಮೇಲೆ ಇನ್ನೊಂದು ಹೊದಿಕೆ ಹಾಕಿದರೆ ಆ ಅಂಕಿಗೆ ಅರ್ಥವೇ ಉಳಿಯುವುದಿಲ್ಲ. ಕೋಣೆಗೆ ಒಂದು ಸಾದಾ ಉಷ್ಣಮಾಪಕ ತಂದಿಡಿ. ನಮ್ಮ ಮನೆಯಲ್ಲಿ ಚಳಿಯ ಬಗೆಗಿನ ಎಲ್ಲ ವಾಗ್ವಾದವೂ ಅದರಿಂದ ಅರ್ಧಕ್ಕರ್ಧ ಇಳಿಯಿತು.

ನನ್ನ ಮಗಳು 4 ಕಿಲೋ ಮುಟ್ಟುವುದಕ್ಕೆ ಐದು ವಾರ ಬೇಕಾಯಿತು. ಅಲ್ಲಿಯವರೆಗೆ ಸಣ್ಣ ತೂತುಗಳ ನೇಯ್ಗೆಯ ತೆಳು ಹತ್ತಿ ಹೊದಿಕೆಯನ್ನು ಬಳಸಿದೆ. ಮಗುವಿನ ಪಾದ ತೊಟ್ಟಿಲ ಕೆಳತುದಿಗೆ ತಾಗುವಂತೆ ಮಲಗಿಸಿ, ಹೊದಿಕೆಯನ್ನು ಎದೆಯವರೆಗೆ ಮಾತ್ರ ಎಳೆದು, ಮೂರು ಕಡೆ ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸುವುದು. ಬ್ರಿಟನ್ನಿನ ಸಲಹೆ ಇದಕ್ಕೆ ಅವಕಾಶ ಕೊಡುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮಗು ಮಲಗುವ ಜಾಗದಲ್ಲಿ ಹೊದಿಕೆಯೇ ಬೇಡ ಎನ್ನುತ್ತದೆ. ಇನ್ನೊಮ್ಮೆ ಇಂಥ ಸಂದರ್ಭ ಬಂದರೆ ನಾನು ಎರಡನೆಯದನ್ನೇ ಹಿಡಿಯುತ್ತೇನೆ, ಒಂದು ಪದರ ಬಟ್ಟೆ ಹೆಚ್ಚಿಸಿ ಸುಮ್ಮನಾಗುತ್ತೇನೆ. ಆ ಐದು ವಾರ ಹೊದಿಕೆ ಸಡಿಲವಾಯಿತೇ ಎಂದು ನೋಡಲು ಎಷ್ಟು ಸಲ ಎದ್ದೆನೋ ಲೆಕ್ಕವಿಲ್ಲ.

ಬಟ್ಟೆಯಲ್ಲಿ ಸುತ್ತಿ ಮಲಗಿಸುವವರು ಸೊಂಟದ ಕೆಳಗೆ ಸಡಿಲ ಬಿಡಿ, ಕಾಲು ಮಡಚಿ ಅಗಲಿಸಲು ಜಾಗ ಬೇಕು. ಮಗು ಮಗ್ಗುಲಾಗಲು ಯತ್ನಿಸಿದ ದಿನವೇ ಸುತ್ತುವುದನ್ನು ನಿಲ್ಲಿಸಿ. ಹಾಸಿಗೆ ತಣ್ಣಗಿದ್ದರೆ ಬಿಸಿನೀರಿನ ಚೀಲವಿಟ್ಟು ಬೆಚ್ಚಗೆ ಮಾಡಬಹುದು, ಆದರೆ ಮಗುವನ್ನು ಮಲಗಿಸುವ ಮುನ್ನ ಅದನ್ನು ತೆಗೆದು, ಹಾಸಿಗೆಯನ್ನು ಮುಂಗೈಯಿಂದ ಮುಟ್ಟಿ ನೋಡಿ. ವಿದ್ಯುತ್ ಕಂಬಳಿ ಬೇಡ.

ಹಳೆಯ ಉಣ್ಣೆ ಬಟ್ಟೆ ಕೊಡುವವರು ಬಹಳ. ತೆಗೆದುಕೊಳ್ಳಿ, ಆದರೆ ಮೊದಲು ಮೂಸಿ ನೋಡಿ. ನುಸಿಗುಳಿಗೆಯ ಜೊತೆ ಇಟ್ಟ ಬಟ್ಟೆಯಿಂದ ಹೊರಡುವ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಆ ಕೊರತೆ ಯಾವ ಮಗುವಿಗಿದೆ ಎಂದು ನೋಡಿದರೆ ತಿಳಿಯುವುದಿಲ್ಲ. ಒಗೆದು ಬಿಸಿಲಿಗೆ ಹಾಕಿದ ಮೇಲೂ ವಾಸನೆ ಉಳಿದರೆ ಬಿಟ್ಟುಬಿಡಿ. ಕಾಲುಚೀಲಗಳನ್ನು ಒಳಮಗ್ಗುಲು ಮಾಡಿ ಬಿಡಿ ದಾರ ಕತ್ತರಿಸಿ; ಒಂದು ಎಳೆ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟವೇ ನಿಲ್ಲಬಹುದು.

ಇಷ್ಟೆಲ್ಲ ಮಾಡಿದ ಮೇಲೆ ಒಂದು ಸಂಜೆ ಅತ್ತೆ ಮಗುವಿನ ಕಾಲು ಮುಟ್ಟಿ, "ನೋಡಿ, ಕಾಲು ಮಂಜುಗಡ್ಡೆಯಾಗಿದೆ. ಆ ರಜಾಯಿ ತರಬಾರದೇ?" ಎಂದರು.

"ಅತ್ತೆ, ಇಲ್ಲಿ ಕೈಯಿಟ್ಟು ನೋಡಿ," ಎಂದು ಅವರ ಎರಡು ಬೆರಳನ್ನು ಮಗುವಿನ ಕುತ್ತಿಗೆಯ ಹಿಂದೆ, ಅಂಗಿಯ ಒಳಗೆ ಇರಿಸಿದೆ. ಒಣಗಿ, ಹದವಾಗಿ ಬೆಚ್ಚಗಿತ್ತು. ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬೆರಳನ್ನು ಅಲ್ಲಿಯೇ ಇಟ್ಟುಕೊಂಡಿದ್ದರು. ಹಸುಗೂಸಿನ ಅಂಗೈ, ಅಂಗಾಲು ತಣ್ಣಗಿರುವುದು ಸಹಜ. ನೋಡಬೇಕಾದದ್ದು ಕತ್ತಿನ ಹಿಂಭಾಗ ಅಥವಾ ಎದೆ. ಬೆವರಿದ್ದರೆ ಒಂದು ಪದರ ತೆಗೆಯಿರಿ, ತಣ್ಣಗಿದ್ದರೆ ಒಂದು ಪದರ ಸೇರಿಸಿ.

ಎದೆಯೂ ತಣ್ಣಗಿದ್ದರೆ ಕಂಕುಳಲ್ಲಿ ಜ್ವರಮಾಪಕ ಇಟ್ಟು ನೋಡಿ. 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ, ಎಚ್ಚರವಾಗಿ ಕುಳಿತ ತಾಯಿಯೋ ತಂದೆಯೋ ಮಗುವನ್ನು ಬರಿ ಎದೆಗೆ ಅಪ್ಪಿಕೊಂಡು ಮೇಲೆ ಹೊದ್ದುಕೊಳ್ಳುವುದು ಯಾವ ಕಂಬಳಿಗಿಂತಲೂ ಒಳ್ಳೆಯದು. ಆಗಲೂ ಏರದಿದ್ದರೆ, ಅಥವಾ ಮಗು ಮಂಕಾಗಿ ಹಾಲು ಕುಡಿಯದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ. 38 ಮುಟ್ಟಿದರೂ ಅಷ್ಟೇ. ಅವಧಿಗೆ ಮೊದಲೇ ಹುಟ್ಟಿದ ಅಥವಾ 2.5 ಕಿಲೋಗಿಂತ ಕಡಿಮೆ ತೂಕದ ಮಗುವಾದರೆ ಪದರಗಳ ಲೆಕ್ಕವನ್ನು ಮೊದಲೇ ವೈದ್ಯರನ್ನು ಕೇಳಿ ತಿಳಿದುಕೊಳ್ಳಿ.

ಹಳದಿ ರಜಾಯಿಯನ್ನು ಆ ಚಳಿಗಾಲವಿಡೀ ನಾನೇ ಬಳಸಿದೆ, ರಾತ್ರಿ ಮಗುವನ್ನು ಎತ್ತಿಕೊಂಡು ಕೂರುವಾಗ ಮೊಣಕಾಲ ಮೇಲೆ ಹಾಕಿಕೊಳ್ಳಲು.